ಬಾವಿಯ ಪಕ್ಕದ ಪೆಟ್ಟಿಗೆ

ಬ್ರೂಕ್‌ಹೂಕ್,
ನವೆಂಬರ್ ಹನ್ನೊಂದು, ಸಂತ ಮಾರ್ಟಿನನ ದಿನ

ಪ್ರಿಯ ಅಲೈದಾ,

ಹಾರ್ಲಿಂಗನ್‌ನ ಸಮುದ್ರದ ಗಾಳಿ ನಿನಗೆ ಒಗ್ಗಿದೆ ಎಂದು ನಿನ್ನ ತಂಗಿ ಗೇಶೆ ತಿಳಿಸಿದಳು. ಸಂತೋಷ. ನಾನು ಕ್ಷೇಮವಾಗಿದ್ದೇನೆ. ಇಷ್ಟಕ್ಕೆ ಔಪಚಾರಿಕತೆ ಮುಗಿಯಿತು. ಇನ್ನು ವಿಷಯಕ್ಕೆ ಬರುತ್ತೇನೆ.

ಬ್ರೂಕ್‌ಹೂಕಿನ ಎಲ್ಲ ಮನೆಗಳಿಗೂ ಸೇರಿದ ಒಂದು ದೊಡ್ಡ ಬ್ಯಾಟರಿ ಪೆಟ್ಟಿಗೆಯನ್ನು ನಮ್ಮ ಹುಲ್ಲುಗಾವಲಿನ ಮೂಲೆಯಲ್ಲಿ, ಬಾವಿಯ ಪಕ್ಕದಲ್ಲಿ ಇಡುವುದಕ್ಕೆ ನಿನ್ನ ಒಪ್ಪಿಗೆ ಬೇಕೆಂದು ಸೆಪ್ಟೆಂಬರ್‌ನಲ್ಲಿ ಫೋನು ಮಾಡಿ ಕೇಳಿದ್ದೆ. ಜಮೀನು ನಮ್ಮಿಬ್ಬರ ಹೆಸರಿನಲ್ಲಿದೆ. ನನ್ನೊಬ್ಬನ ಸಹಿ ಸಾಲದು. ಬೇಡ ಎಂಬುದು ನಿನ್ನ ಉತ್ತರವಾಗಿತ್ತು. ಕಾರಣ ಕೇಳಿದ್ದಕ್ಕೆ ನೀನು ಒಂದೇ ಮಾತು ಹೇಳಿದೆ: "ಬಾವಿ." ಪೆಟ್ಟಿಗೆಯ ಸದ್ದು ಇಷ್ಟು ಡೆಸಿಬೆಲ್ ಮಾತ್ರ, ಮನೆಯ ಫ್ರಿಜ್ಜಿಗಿಂತ ಹೆಚ್ಚಲ್ಲ ಎಂದು ನಾನು ವಿವರಿಸತೊಡಗಿದೆ. "ಎಗ್ಬರ್ಟ್, ನಿನ್ನ ಹತ್ರ ಯಾವಾಗ್ಲೂ ಒಂದು ಸಂಖ್ಯೆ ಇರುತ್ತೆ" ಎಂದು ಹೇಳಿ ನೀನು ಫೋನು ಇಟ್ಟುಬಿಟ್ಟೆ.

ಈ ಪತ್ರದಲ್ಲಿ ಅಂತಹ ಸಂಖ್ಯೆಗಳಿಲ್ಲ. ಇದು ವಾದವೂ ಅಲ್ಲ ಎಂದರೆ ನೀನು ನಂಬಲಾರೆ. ಆದ್ದರಿಂದ ಹಾಗೆ ಹೇಳುವುದಿಲ್ಲ.

ಕ್ರಿಸ್‌ಮಸ್‌ಗೆ ಮುಂಚಿನ ಆಗಮನಕಾಲದ ಮೊದಲ ಭಾನುವಾರದೊಳಗೆ ನಮ್ಮಿಬ್ಬರ ಸಹಿಯಿರುವ ಒಪ್ಪಿಗೆಪತ್ರ ಕಂಪನಿಗೆ ತಲುಪದಿದ್ದರೆ ಪೆಟ್ಟಿಗೆ ಬೇರೊಂದು ಹಳ್ಳಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಹತ್ತಿರವಾಗಿ, ನೀರು ನಿಲ್ಲದೆ, ಲಾರಿ ಬರುವಂತಿರುವ ಜಾಗ ಇಡೀ ಬ್ರೂಕ್‌ಹೂಕಿನಲ್ಲಿ ಅದೊಂದೇ. ನಾನು ಎಲ್ಲ ಹೊಲಗಳನ್ನೂ ನಡೆದು ನೋಡಿದ್ದೇನೆ. ಬೇರೆ ಜಾಗ ಸಿಕ್ಕಿದ್ದರೆ ನಿನ್ನನ್ನು ಕೇಳುತ್ತಲೇ ಇರಲಿಲ್ಲ.

ಮಿರ್ತೆಯ ವಿಷಯ ಗೇಶೆ ಹೇಳಿರಬಹುದು. ನಮ್ಮ ಪಕ್ಕದ ಮನೆಯ ಹಾರ್ಮನ್‌ನ ಮಗಳು, ನಮ್ಮ ಯೊರೀನ್‌ಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಹೋಗುತ್ತಿದ್ದವಳು, ಈಗ ಮದುವೆಯಾಗಿದ್ದಾಳೆ. ತಂದೆಯ ಹಣ್ಣಿನ ತೋಟದ ಹಿಂದೆ ಮನೆ ಕಟ್ಟಬೇಕೆಂದು ನಕ್ಷೆಯನ್ನೂ ಮಾಡಿಸಿದಳು. ತಂತಿಗಳೆಲ್ಲ ತುಂಬಿಹೋಗಿವೆ, ಹೊಸ ಮನೆಗೆ ಕರೆಂಟು ಕೊಡಲಾಗದು, ಸರದಿಯಲ್ಲಿ ಕಾಯಿರಿ ಎಂಬ ಉತ್ತರ ಬಂದಿದೆ. ವಿಪರ್ಯಾಸ ನೋಡು: ಅದೇ ತಂತಿಗಳು ತುಂಬಿರುವುದರಿಂದ ಬೇಸಿಗೆಯ ನಡುಹಗಲಿನಲ್ಲಿ ನಮ್ಮ ಸೂರಿನ ಸೋಲಾರ್ ಫಲಕಗಳು ತಾವಾಗಿಯೇ ನಿಂತುಹೋಗುತ್ತವೆ. ಇತ್ತ ಬಿಸಿಲು ವ್ಯರ್ಥ, ಅತ್ತ ಹೊಸ ಮನೆಗೆ ಕರೆಂಟಿಲ್ಲ. ಹಗಲಿನದನ್ನು ಕೂಡಿಟ್ಟು ಸಂಜೆ ಹಂಚಿಕೊಂಡರೆ ಮಿರ್ತೆಗೆ ಮನೆಯಾಗುತ್ತದೆ. ಇಲ್ಲದಿದ್ದರೆ ಎನ್‌ಸ್ಖೆಡೆಯಲ್ಲಿ ಬಾಡಿಗೆಯ ಫ್ಲ್ಯಾಟು. ಇಲ್ಲೇ ಬಾಳುತ್ತೇವೆಂದು ಹೇಳಿದ ಮಕ್ಕಳು ಈ ಊರಿನಲ್ಲಿ ಇಬ್ಬರೇ ಇದ್ದರು. ಒಬ್ಬಳು ಚರ್ಚಿನ ಹಿಂದೆ ಮಲಗಿದ್ದಾಳೆ. ಇನ್ನೊಬ್ಬಳನ್ನು ನಾನು ಬಿಟ್ಟುಕೊಡುವುದಿಲ್ಲ.

ವಸಂತದಲ್ಲಿ ಮೊದಲ ಸಭೆ ನಡೆಯಿತು. ಪೆಟ್ಟಿಗೆಯ ಕಂಪನಿಯಿಂದ ಕ್ಯಾಸ್ಪರ್ ಎಂಬ ತರುಣ ಉಟ್ರೆಕ್ಟ್‌ನಿಂದ ಬಂದಿದ್ದ. ಒಳ್ಳೆಯ ಹುಡುಗ, ಎಲ್ಲರಿಗಿಂತ ಮೊದಲು ಕಾಫಿ ಕುಡಿದು ಮುಗಿಸುತ್ತಾನೆ. ಅಧ್ಯಕ್ಷತೆ ನನ್ನದು. ಬೆಂಕಿ ಹತ್ತಿಕೊಂಡರೆ ಏನು ಗತಿ ಎಂದರು; ಉತ್ತರಿಸಿದೆ. ನೋಟ ಕೆಡುತ್ತದೆ ಎಂದರು. ಸುತ್ತ ಬೇಲಿ ಬೆಳೆಸುವ ಯೋಜನೆಯನ್ನು ಮುಂದಿಟ್ಟೆ. ದನಗಳು ಬೆದರುತ್ತವೆ ಎಂದರು. ಅದಕ್ಕೂ ಆಧಾರಸಮೇತ ಉತ್ತರವಿತ್ತು. ಲೈಡನ್‌ನ ಕಾಲೇಜು ದಿನಗಳಲ್ಲಿ, ಚರ್ಚಾಕೂಟದ ವೇದಿಕೆಯಲ್ಲಿಯೂ ನಾನು ಅಷ್ಟು ಚೊಕ್ಕವಾಗಿ ಮಾತನಾಡಿದ ನೆನಪಿಲ್ಲ. ಪ್ರತಿಯೊಂದು ಆಕ್ಷೇಪವೂ ನೆಲಕಚ್ಚಿತು. ಬಳಿಕ ಮತಕ್ಕೆ ಹಾಕಿದೆವು. ನನ್ನದು, ಮಿರ್ತೆಯದು, ಮುಜುಗರದಿಂದ ಅರ್ಧಕ್ಕೆ ಎದ್ದ ಹಾರ್ಮನ್‌ನದು: ಮೂರೇ ಕೈ.

ಕೊನೆಯ ಮನೆಯ ಡೀನೆ ಅಜ್ಜಿ ಶಾಲು ಹೊದೆಯುತ್ತ ನನ್ನ ಬಳಿ ಬಂದು ನಿಂತಳು.

"ಮೇಷ್ಟ್ರು ಬಹಳ ಚೆನ್ನಾಗಿ ಮಾತಾಡಿದ್ರಪ್ಪ. ಎಷ್ಟು ಚೆನ್ನಾಗಿ ಅಂದ್ರೆ, ಕೇಳ್ತಾ ಕೇಳ್ತಾ ಕೈ ಎತ್ತೋದೇ ಮರ್ತುಹೋಯ್ತು."

ಸುತ್ತಲಿದ್ದವರು ನಕ್ಕರು. ನಾನು ನಗಲಿಲ್ಲ. ಭಯಕ್ಕೆ ಮದ್ದು ಅನುಭವ ಎಂದು ತೀರ್ಮಾನಿಸಿ, ಕ್ಯಾಸ್ಪರ್‌ನೊಡನೆ ಕುಳಿತು ಒಂದು ಪ್ರಯೋಗವನ್ನು ಯೋಜಿಸಿದೆ. ಹಾರ್ಮನ್‌ನ ಕೊಟ್ಟಿಗೆಯಲ್ಲಿ ಒಂದು ಚಿಕ್ಕ ಬ್ಯಾಟರಿ. ನಮ್ಮ ಮನೆ, ಅವನ ಮನೆ, ಎರಡನ್ನೂ ಅದಕ್ಕೆ ಜೋಡಿಸುವುದು. ಬೇಸಿಗೆಯಿಡೀ ನಡೆಸಿ ಊರಿಗೆ ತೋರಿಸುವುದು. ಹಾರ್ಮನ್ ಒಪ್ಪಿದ. ನನಗಾಗಿ ಒಪ್ಪಿದ ಎಂಬುದು ಆಗ ನನಗೆ ತಿಳಿಯಲಿಲ್ಲ. ಬೇಸಿಗೆ ಚೆನ್ನಾಗಿ ಕಳೆಯಿತು. ಬೆಂಕಿ ಹತ್ತಲಿಲ್ಲ, ದನ ಬೆದರಲಿಲ್ಲ. ಆ ಗೆಲುವಿನ ಉಮೇದಿನಲ್ಲಿಯೇ ಸೆಪ್ಟೆಂಬರ್‌ನಲ್ಲಿ ನಿನಗೆ ಫೋನು ಮಾಡಿದ್ದು.

ಅಕ್ಟೋಬರ್‌ನ ಒಂದು ಭಾನುವಾರ. ಚರ್ಚಿನಿಂದ ಬಂದು ಕಾಫಿಗೆ ನೀರಿಟ್ಟಿದ್ದೆ. ಮುಂಬಾಗಿಲ ಕರೆಗಂಟೆ ಮೊಳಗಿತು. ಆ ಸದ್ದು ಏನೆಂದು ನನಗೆ ತಕ್ಷಣ ಹೊಳೆಯಲೇ ಇಲ್ಲ, ಅಲೈದಾ. ಮೊದಲು ಒಲೆಯ ಕಡೆ ನೋಡಿದೆ. ನಮ್ಮ ಮುಂಬಾಗಿಲಿಗೆ ಬರುವವರಾದರೂ ಯಾರು? ಮದುವಣಗಿತ್ತಿ, ತೆರಿಗೆಯವರು, ದಾರಿ ತಪ್ಪಿದವರು, ಶವಪೆಟ್ಟಿಗೆ. ಯೊರೀನ್ ಹೊರಟದ್ದು ಆ ಬಾಗಿಲಿನಿಂದ. ಮರುವರ್ಷ ಸೂಟ್‌ಕೇಸು ಹಿಡಿದು ನೀನು ಹೊರಟದ್ದೂ ಆ ಬಾಗಿಲಿನಿಂದಲೇ. ನಿನಗೆ ಹಿತ್ತಿಲ ಬಾಗಿಲೇ ಹತ್ತಿರವಿತ್ತು. ಆಮೇಲೆ ಮುಂಬಾಗಿಲನ್ನು ಯಾರೂ ತೆರೆದಿರಲಿಲ್ಲ. ಮರ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಗೋಡೆಗೆ ಕಾಲು ಕೊಟ್ಟು ಎಳೆದೆ.

ಹಾರ್ಮನ್ ನಿಂತಿದ್ದ. ಚರ್ಚಿನ ಕೋಟು, ಟೋಪಿ ಕೈಯಲ್ಲಿ.

"ಹಾರ್ಮನ್, ಹಿತ್ತಿಲ ಬಾಗ್ಲು ತೆಗೆದೇ ಇದೆಯಲ್ಲೋ?"

"ಇರ್ಲಿ ಮೇಷ್ಟ್ರೇ. ಇವತ್ತು ವ್ಯವಹಾರಕ್ಕೆ ಬಂದಿದ್ದೀನಿ."

ಜೇಬಿನಿಂದ ಫೋನು ತೆಗೆದು ನನ್ನ ಮುಖದ ಮುಂದೆ ಹಿಡಿದ. ನೆರೆಯವರಿಂದ ಪಡೆದ ವಿದ್ಯುತ್ತಿಗೆ ಹಣ ಸಂದಾಯ ಮಾಡಬೇಕೆಂಬ ಸಂದೇಶ ಅದರಲ್ಲಿತ್ತು.

"ನೋಡಿ, ಕೆಳಗೆ ನಗೋ ಮುಖ ಬೇರೆ ಹಾಕಿದ್ದಾರೆ. ನಿಮ್ಮನೆ ಕರೆಂಟು ನಮ್ಮನೆ ಹಾಲು ಕರೆಯೋ ಮಷೀನಿಗೆ ಹೋಯ್ತಂತೆ. ತಗೊಳ್ಳಿ." ಅಂಗೈಯಲ್ಲಿ ನಾಣ್ಯಗಳಿದ್ದವು.

"ಪ್ರಯೋಗ ಕಣೋ ಅದು. ನಾನೇನು ನಿನ್ನ ಕೇಳಿದ್ನಾ?"

"ನೀವು ಕೇಳ್ಲಿಲ್ಲ. ನಿಮ್ಮ ಪೆಟ್ಟಿಗೆ ಕೇಳ್ತು. ದುಡ್ಡು ಕೊಡೋಕೆ ಬಂದವನು ಹಿತ್ತಿಲಿಂದ ಬರೋಕಾಗುತ್ತಾ? ಅಂಗಡಿಗೆ ಹಿತ್ತಿಲ ಬಾಗ್ಲಿಂದ ಹೋಗ್ತಾರಾ ಯಾರಾದ್ರೂ?"

ನಾನು ಕೈ ಚಾಚಲಿಲ್ಲ. ಅವನು ನಾಣ್ಯಗಳನ್ನು ಹೊಸ್ತಿಲ ಮೇಲಿಟ್ಟ. ಮೆಟ್ಟಿಲಿಳಿದವನು ತಿರುಗಿ ನಿಂತ.

"ಹಾಗಾದ್ರೆ ಹೇಳಿ ಮೇಷ್ಟ್ರೇ. ಯೊರೀನ್‌ನ ಹೊತ್ತಿದ್ದಕ್ಕೆ ನಾನೆಷ್ಟು ಬಿಲ್ ಕಳಿಸ್ಬೇಕಿತ್ತು?"

ಹೇಳಿದ ಮೇಲೆ ಅವನ ಮುಖವೇ ಕೆಂಪಾಯಿತು. ಟೋಪಿ ಹಾಕಿಕೊಂಡು ಹೊರಟುಹೋದ.

ಮಂಜಿನ ಆ ಬೆಳಿಗ್ಗೆ ರಸ್ತೆಯಿಂದ ಯೊರೀನ್‌ಳ ಸಾವಿನ ಸುದ್ದಿ ಬಂದಾಗ ನಾವಿಬ್ಬರೂ ಕುರ್ಚಿಯಿಂದ ಏಳಲಾರದೆ ಕುಳಿತಿದ್ದೆವು. ಮನೆಮನೆಗೂ ಹೋಗಿ ಸಾವು ಸಾರಿದವನು ಹಾರ್ಮನ್. ಸಾವಿನ ಮನೆಯ ರೂಢಿಯಂತೆ ಬಂದು ನಮ್ಮ ಗಡಿಯಾರ ನಿಲ್ಲಿಸಿದವಳು ಡೀನೆ. ಚರ್ಚಿನ ಗಂಟೆ ಬಾರಿಸಿದವರು, ರೊಟ್ಟಿಗೆ ಬೆಣ್ಣೆ ಸವರಿ ತಂದಿಟ್ಟವರು, ಹೆಗಲು ಕೊಟ್ಟವರು, ಎಲ್ಲರೂ ನೋಬರ್‌ಗಳು, ಹುಟ್ಟಿಗೂ ಸಾವಿಗೂ ಕರೆಯದೆಯೇ ಒದಗುವ ನೆರೆಮನೆಯವರು. ಅವರಲ್ಲಿ ಒಬ್ಬರಿಗಾದರೂ ನಾವು ಕೃತಜ್ಞತೆಯ ಮಾತು ಹೇಳಿದ ನೆನಪು ನನಗಿಲ್ಲ. ಅವರು ಕಾದಿರಲೂ ಇಲ್ಲ. ಅಂತಹ ಜನಕ್ಕೆ, ನಿಮ್ಮ ಪಕ್ಕದ ಮನೆಯವನು ಕೊಟ್ಟದ್ದಕ್ಕೆ ಕ್ರಯ ಇಷ್ಟು ಎಂದು ಹೇಳುವ ಪೆಟ್ಟಿಗೆಯನ್ನು ನಾನು ತಂದಿದ್ದೆ. ಈ ಕ್ರಯದ ನಿಯಮಾವಳಿಯನ್ನು ವಸಂತದಲ್ಲಿಯೇ ಎಲ್ಲರೂ ಓದಿದ್ದರು. ಬೆಂಕಿಯ ಭಯವನ್ನು ಸಭೆಯಲ್ಲಿ ಹೇಳಬಹುದು, ದನದ ನೆಪ ಹೇಳಬಹುದು. ಮರ್ಯಾದೆ ನೋಯುತ್ತದೆ ಎಂದು ಎದ್ದು ನಿಂತು ಹೇಳಲು ಯಾರಿಗೆ ಬಾಯಿ ಬರುತ್ತದೆ?

ಆ ಸಂಜೆ ನಾಣ್ಯಗಳನ್ನು ತೆಗೆದುಕೊಂಡು ಹಾರ್ಮನ್‌ನ ಹಿತ್ತಿಲ ಬಾಗಿಲಿನಿಂದ ಒಳಗೆ ಹೋದೆ; ಅವನ ಅಡುಗೆಮನೆಯ ಮೇಜಿನ ಮೇಲಿಟ್ಟೆ. ಅವನ ಹೆಂಡತಿ ಏನೂ ಕೇಳದೆ ಇನ್ನೊಂದು ತಟ್ಟೆ ಹಾಕಿದಳು. ಆಲೂಗಡ್ಡೆಯ ಜೊತೆ ಕೋಸು ಹಿಸುಕಿ ಮಾಡಿದ್ದಳು, ಮೇಲೆ ಹೊಗೆಯಾಡಿಸಿದ ಸಾಸೇಜು. ಊಟದ ನಡುವೆ ಹಾರ್ಮನ್ ಒಂದೇ ಮಾತು ಆಡಿದ: "ಉಪ್ಪು ಆ ಕಡೆ ಇದೆ ಮೇಷ್ಟ್ರೇ."

ಎರಡನೆಯ ಸಭೆಯನ್ನು ನಾನು ಭಾಷಣವಿಲ್ಲದೆ ಆರಂಭಿಸಿದೆ. ಒಬ್ಬರು ಇನ್ನೊಬ್ಬರಿಗೆ ಹಣ ಕೊಡಬೇಕೆನ್ನುವ ನಿಯಮವನ್ನು ಹೊಡೆದುಹಾಕಬೇಕು, ಸೂರಿನ ಮೇಲೆ ಹೆಚ್ಚಾದದ್ದು ಪೆಟ್ಟಿಗೆಗೆ ಹೋಗಲಿ, ಬೇಕಾದವರು ತೆಗೆದುಕೊಳ್ಳಲಿ, ಪೆಟ್ಟಿಗೆಯ ರಿಪೇರಿಯನ್ನು ಎಲ್ಲರೂ ಸೇರಿ ನೋಡಿಕೊಳ್ಳೋಣ ಎಂದೆ. ಕ್ಯಾಸ್ಪರ್ ಬಟ್ಟಲನ್ನು ಕೆಳಗಿಟ್ಟ.

"ಸರ್, ಲೆಕ್ಕಾನೇ ಇಲ್ಲ ಅಂದ್ರೆ ಯಾರಾದ್ರೂ ಜಾಸ್ತಿ ತಗೊಂಡುಬಿಟ್ರೆ?"

"ತಗೊಂಡ್ರೆ ನಮಗೆ ಗೊತ್ತಾಗುತ್ತೆ ಮಗಾ," ಎಂದಳು ಡೀನೆ. "ಇಲ್ಲಿ ಯಾರ ಮನೆ ಸೂಪು ತಳ ಹತ್ತಿತು ಅನ್ನೋದೂ ಗೊತ್ತಾಗುತ್ತೆ."

"ಆದ್ರೆ ಅಜ್ಜಿ, ಸೋಲಾರೇ ಇಲ್ಲದ ಮನೆಯವರು? ಅವರು ಏನೂ ಕೊಡಲ್ಲವಲ್ಲ."

"ನಾನೇ ಆ ಮನೆ. ನನ್ನ ಸೂರಿನ ಮೇಲೆ ಪಾಚಿ ಬಿಟ್ರೆ ಏನೂ ಇಲ್ಲ. ಇವರೆಲ್ಲರ ಮಕ್ಕಳು ಹುಟ್ಟಿದಾಗ ಬಿಸಿನೀರು ಕಾಯಿಸಿದವಳು ನಾನು. ಅದು ನಿನ್ನ ಮೀಟರ್‌ನಲ್ಲಿ ಬರುತ್ತಾ?"

ಕ್ಯಾಸ್ಪರ್ ತಬ್ಬಿಬ್ಬಾದ. ಮೀಟರ್ ಇಲ್ಲದೆ ಕಾನೂನು ಒಪ್ಪುವುದಿಲ್ಲ ಎಂದು ಮಾತ್ರ ಹೇಳಿದ. ಅದು ನಿಜವೂ ಹೌದು. ಆಗ ಹಾರ್ಮನ್ ಎದ್ದ. "ಮೀಟರ್ ಇರ್ಲಿ ಬಿಡಿ. ಬಾಯಿ ಮುಚ್ಕೊಂಡಿರ್ಲಿ, ಅಷ್ಟೇ." ಹಾಗೆಯೇ ನಿರ್ಣಯವಾಯಿತು: ಲೆಕ್ಕ ಕ್ಯಾಸ್ಪರ್‌ನ ಕಚೇರಿಗೆ ಹೋಗುತ್ತದೆ, ಕಾನೂನಿಗಾಗಿ ಅಲ್ಲಿರುತ್ತದೆ, ಬ್ರೂಕ್‌ಹೂಕಿನ ಯಾವ ಮನೆಗೂ ಅದು ಮರಳಿ ಬರುವುದಿಲ್ಲ. ಕೈಗಳು ಎದ್ದವು. ನಾನು ಎಣಿಸಲಿಲ್ಲ, ಎತ್ತದ ಕೈ ಯಾವುದಿದೆಯೆಂದು ನೋಡಿದೆ, ಕಾಣಲಿಲ್ಲ.

ಎಲ್ಲರೂ ಏಳುತ್ತಿದ್ದಾಗ ಮಿರ್ತೆ ಕೇಳಿದಳು: "ಅಲೈದಾ ಅತ್ತೆ ಏನಂತಾರೆ?"

ನಿನ್ನ ಉತ್ತರವನ್ನು ನಾನು ಇದ್ದದ್ದಿದ್ದಂತೆ ಸಭೆಗೆ ತಿಳಿಸಿದೆ. ಅದರಿಂದ ಎಲ್ಲರಿಗಿಂತ ಹೆಚ್ಚು ನಷ್ಟವಾಗುವುದು ಯಾರಿಗೋ, ಆ ಮಿರ್ತೆಯೇ ಮೊದಲು ಮಾತನಾಡಿದಳು.

"ಅವರು ಹೇಳೋದು ಸರೀನೇ. ಆ ಬಾವಿ ಯೊರೀನ್‌ದು. ಆಗಮನಕಾಲದ ಸಂಜೆಗಳಲ್ಲಿ ಅವಳು ಕೊಂಬು ಊದ್ತಿದ್ದದ್ದು ಅದರ ಮೇಲೇನೇ."

ಅಲೈದಾ, ಎದುರಾಳಿಗೆ ಒಂದು ಅಂಶವನ್ನು ಬಿಟ್ಟುಕೊಡುವುದು ಚರ್ಚಾಪಟುವಿಗೆ ಗೊತ್ತಿರುವ ತಂತ್ರ. ನಷ್ಟವಾಗದ ಕಡೆ ಬಿಟ್ಟುಕೊಟ್ಟು ಉಳಿದೆಡೆ ಗೆಲ್ಲುವುದು. ಈಗ ಬರೆಯುತ್ತಿರುವುದು ಆ ಬಗೆಯದಲ್ಲ. ಸಭೆಯ ಮರುದಿನ ಕ್ಯಾಸ್ಪರ್‌ನನ್ನು ತಡೆದು ನಿಲ್ಲಿಸಿದೆ. ಪೆಟ್ಟಿಗೆಯನ್ನು ತಂಪಾಗಿಡುವ ಫ್ಯಾನೊಂದನ್ನು ತರಿಸಿ, ಅದು ಬರಬೇಕಾದ ಜಾಗದಲ್ಲಿಯೇ ಇಟ್ಟು ಓಡಿಸಿದೆವು. ಬಾವಿಯ ಮುಚ್ಚಳ ಸರಿಸಿದೆ. ಹಾರ್ಮನ್ ತನ್ನ ಉದ್ದನೆಯ ಮರದ ಕೊಂಬನ್ನು ತಂದು, ಅದರ ಬಾಯಿಯನ್ನು ಬಾವಿಯ ಮೇಲೆ ಚಾಚಿ ಊದಿದ.

ಹೊರಗೆ ನಿಂತರೆ ಫ್ಯಾನಿನ ಸದ್ದು ಫ್ರಿಜ್ಜಿನಷ್ಟೇ. ನನ್ನ ಸಂಖ್ಯೆ ತಪ್ಪಿರಲಿಲ್ಲ. ಆದರೆ ಅದು ಬಾವಿಗಿಳಿದು ಅಲ್ಲಿಯೇ ಕುಳಿತಿತ್ತು. ಕೊಂಬಿನ ದನಿ ಕೆಳಗೆ ಹೋಗಿ ನೀರನ್ನು ಮುಟ್ಟಿ, ಮೇಲೆದ್ದು, ಮೈದಾನ ದಾಟಿ ಹೋಗುತ್ತಿತ್ತಲ್ಲ, ಆಚೆ ಹಳ್ಳಿಯ ಕೊಂಬು ಅದಕ್ಕೆ ಮರುದನಿ ಕೊಡುತ್ತಿತ್ತಲ್ಲ, ಅದು ಆಗಲಿಲ್ಲ. ದನಿ ಮೇಲೆ ಬಂತು, ಕದಡಿದ ನೀರಿನ ಹಾಗೆ. ಹಾರ್ಮನ್ ಕೊಂಬನ್ನು ಇಳಿಸಿ ನನ್ನ ಮುಖ ನೋಡಿದ. "ಸಾಕು, ಆರಿಸು" ಎಂದು ಕ್ಯಾಸ್ಪರ್‌ನಿಗೆ ಹೇಳಿದೆ. ಫ್ಯಾನು ನಿಂತ ಮೇಲೆ ಹಾರ್ಮನ್ ಮತ್ತೊಮ್ಮೆ ಊದಿದ. ಆ ದನಿಯನ್ನು ನಾನು ವರ್ಣಿಸುವುದಿಲ್ಲ. ನಿನ್ನ ತಂದೆಯಿಂದ ಕಲಿತು ಮಗಳಿಗೆ ಕಲಿಸಿದವಳು ನೀನು.

ನಿನ್ನ ಆಕ್ಷೇಪ ಸರಿಯಾಗಿತ್ತು. ಪೂರ್ಣವಾಗಿ ಸರಿಯಾಗಿತ್ತು.

ಮುಂದೆ ನಡೆದದ್ದರಲ್ಲಿ ನನ್ನ ಪಾತ್ರವಿಲ್ಲ. ಬಾವಿಯ ಬಳಿ ಗುಂಪು ಕೂಡಿತ್ತು, ನಾನು ಬೇಲಿಗೆ ಒರಗಿ ನಿಂತಿದ್ದೆ. ಫ್ಯಾನು ಯಾವಾಗ ತಿರುಗುತ್ತದೆಂದು ಹಾರ್ಮನ್ ವಿಚಾರಿಸಿದ. ಪೆಟ್ಟಿಗೆಯಿಂದ ಎಲ್ಲರೂ ಒಟ್ಟಿಗೆ ಕರೆಂಟು ಎಳೆದಾಗ ಬಿಸಿಯಾಗುತ್ತದೆ, ಆಗ ತಿರುಗುತ್ತದೆ, ಸಂಜೆ ಹೊತ್ತು ಹೆಚ್ಚು ಎಂದು ಕ್ಯಾಸ್ಪರ್ ಹೇಳಿದ.

"ಎಳೀದೇ ಇದ್ರೆ?"

"ಎಳೀದೇ ಇದ್ರೆ ಸುಮ್ನಿರುತ್ತೆ. ಆದ್ರೆ ಸಂಜೆ ಹೊತ್ತಲ್ಲಿ ಯಾರು ಸುಮ್ನಿರ್ತಾರೆ?"

ಹಾರ್ಮನ್ ತನ್ನ ಕೊಟ್ಟಿಗೆಯ ಕಡೆ ನೋಡಿದ. ಆಗಮನಕಾಲದಿಂದ ಜನವರಿ ಆರರ ಮೂವರು ಜ್ಞಾನಿಗಳ ಹಬ್ಬದವರೆಗೆ, ಕೊಂಬು ಊದುವ ಮುಸ್ಸಂಜೆ ಹೊತ್ತಿನಲ್ಲಿ, ತನ್ನ ಹಾಲು ಕರೆಯುವ ಮಷೀನು ನಡೆಯುವುದಿಲ್ಲ ಎಂದ. ಹಸುಗಳಿಗೆ ಹೊತ್ತು ಬದಲಿಸುವುದೆಂದರೇನೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಡೀನೆಯೂ ಬಿಡಲಿಲ್ಲ: "ನಾನು ಬಟಾಣಿ ಸೂಪು ಮಧ್ಯಾಹ್ನವೇ ಮಾಡಿಟ್ಕೊತೀನಿ. ಹೇಗೂ ಮರುದಿನಕ್ಕೇ ಅದಕ್ಕೆ ರುಚಿ." ಒಬ್ಬೊಬ್ಬರಾಗಿ ಉಳಿದವರೂ ಒಪ್ಪಿದರು. ಯಾರೂ ಬರೆದುಕೊಳ್ಳಲಿಲ್ಲ. ಕ್ಯಾಸ್ಪರ್ ಬರೆದುಕೊಳ್ಳಲು ಹೋದಾಗ ಡೀನೆ ಅವನ ಪೆನ್ನನ್ನು ತೆಗೆದು ಅವನ ಜೇಬಿಗೇ ಸಿಕ್ಕಿಸಿದಳು.

ಇದು ಬೇಸಿಗೆಯ ಗುಂಯ್‌ಗುಡುವಿಕೆಯನ್ನು ನಿಲ್ಲಿಸುವುದಿಲ್ಲ. ಜೂನ್ ತಿಂಗಳಲ್ಲಿ ನೀನು ಬಾವಿಯ ಬಳಿ ನಿಂತರೆ ಅದು ಕೇಳಿಸುತ್ತದೆ, ಮುಚ್ಚಿಡುವುದಿಲ್ಲ. ಕಬ್ಬಿಣದ ಪೆಟ್ಟಿಗೆ ಕಬ್ಬಿಣದ ಪೆಟ್ಟಿಗೆಯ ಹಾಗೆಯೇ ಕಾಣುತ್ತದೆ, ಬೇಲಿ ಬೆಳೆಯುವವರೆಗೆ. ನಿನಗೆ ಇದು ಸಾಲದೆನಿಸಿದರೆ ಬೇಡ ಎನ್ನು. ಹಾರ್ಮನ್‌ನ ಮನೆಗೆ ಹೋಗಿ ಮಿರ್ತೆಗೆ ನಾನೇ ಹೇಳುತ್ತೇನೆ. ನಿನ್ನ ಮೇಲೆ ಒಂದು ಮಾತೂ ಬಾರದಂತೆ ನೋಡಿಕೊಳ್ಳುತ್ತೇನೆ. ಆದರೆ ನಾನು ಏನನ್ನು ಬಯಸುತ್ತೇನೆ ಎಂಬುದರಲ್ಲಿ ಗೊಂದಲ ಬೇಡ. ಆ ತೋಟದ ಹಿಂದೆ ಒಂದು ಕಿಟಕಿಯಲ್ಲಿ ದೀಪ ಹತ್ತಬೇಕು. ಅದು ನಮ್ಮ ಸೂರಿನ ಬಿಸಿಲಿನಿಂದ ಹತ್ತಬೇಕು. ಅದನ್ನು ನಮ್ಮ ಅಡುಗೆಮನೆಯಿಂದ ನೋಡಬೇಕು. ಇದನ್ನು ಬಯಸುವುದಕ್ಕೆ ನನ್ನ ಬಳಿ ಇನ್ನೂ ಹಲವು ಕಾರಣಗಳಿವೆ. ಸುಸಂಬದ್ಧವಾಗಿ ಜೋಡಿಸಿಯೂ ಇದ್ದೆ. ಅವನ್ನು ಬರೆಯುವುದಿಲ್ಲ.

ಶೀತದಲ್ಲಿ ಹೊರಗೆ ಹೆಚ್ಚು ನಿಲ್ಲಬೇಡ. ಗೇಶೆಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ಎಗ್ಬರ್ಟ್

ಮರೆತ ಮಾತು: ಲಕೋಟೆಯಲ್ಲಿ ಒಪ್ಪಿಗೆಪತ್ರವನ್ನು ಹುಡುಕಬೇಡ. ಅಂಚೆಯಲ್ಲಿ ಕಳಿಸಿದರೆ ಸಾಕೆಂದು ಕ್ಯಾಸ್ಪರ್ ಎರಡು ಸಲ ಹೇಳಿದ, ನಾನು ಕಳಿಸುತ್ತಿಲ್ಲ. ಅದು ನಮ್ಮ ಅಡುಗೆಮನೆಯ ಮೇಜಿನ ಮೇಲಿದೆ, ನನ್ನ ಸಹಿಯೂ ಇಲ್ಲದೆ. ಯೊರೀನ್‌ಳ ಕೊಂಬು ಅಟ್ಟದಲ್ಲಿ ಒಣಗಿ ಸೀಳು ಬಿಟ್ಟಿತ್ತು. ಮರ ನೀರು ಕುಡಿದು ಬಿಗಿಯಲೆಂದು ನಿನ್ನೆ ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟಿದ್ದೇನೆ. ಊದುವುದು ನನಗೆ ಬರುವುದಿಲ್ಲ. ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿಲ್ಲ.